ಪ್ರವಾದಿ ಮಾವ ನುಂಗಿದ ಗುಳಿಗೆ

ನಮ್ಮ ಸೋದರಮಾವನಷ್ಟು ವಿನಯವಂತ ಮನುಷ್ಯ ಇಡೀ ಯಾದಗಿರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಸ್ವತಃ ಅವರದೇ! ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮುಂಚೆ ಅದನ್ನೇ ಕೊಡುತ್ತಾರೆ.

ಶಹಾಪುರದ ಹೈಸ್ಕೂಲಿನಲ್ಲಿ ಮಾಸ್ತರಕಿ ಮಾಡಿ ನಿವೃತ್ತರಾದ ಮಾವ ಈಗ ಗೋಗಿಯಲ್ಲಿದ್ದಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ನಾಲಿಗೆಯ ಮೇಲೆ ಹೀಬ್ರೂ ಪ್ರವಾದಿಗಳು! ಇದೆಂಥ ಜೋಡಣೆ ಎನ್ನುತ್ತೀರಾ? ಯಾದಗಿರಿಯ ಕ್ರೈಸ್ತ ಮಾಸ್ತರರೊಬ್ಬರು ಅದೇ ಶಾಲೆಯಲ್ಲಿದ್ದರು. ವರ್ಷಾನುಗಟ್ಟಲೆ ಇಬ್ಬರೂ ಮಧ್ಯಾಹ್ನದ ಬುತ್ತಿಯ ಜೊತೆಗೆ ಕತೆಗಳನ್ನೂ ಹಂಚಿಕೊಂಡರು. ಮಾವ ಶರಣರನ್ನು ಕೊಟ್ಟು ಪ್ರವಾದಿಗಳನ್ನು ತಂದರು. ತಂದವರು ಸುಮ್ಮನೆ ಇಟ್ಟುಕೊಂಡರೇ? “ದೇವರು ಆ ಯೋನ ಪ್ರವಾದಿಗಿ ಯಾದಗಿರಿಗಿ ಹೋಗಂದ. ಇಂವ ಸೊಕ್ಕಿಲೆ ಸುರಪುರದ ಬಸ್ ಹತ್ತಿದ. ಮೀನು ನುಂಗ್ಲಾರ್ದ ಬಿಡ್ತದೇನು?”

ಸುರಪುರದವನಾದ ನಾನು, ನಮ್ಮ ಬಸ್ಸಿಗೂ ಮೀನಿಗೂ ಏನು ಸಂಬಂಧ ಎಂದು ಒಮ್ಮೆ ಕೇಳಿಬಿಟ್ಟೆ. “ನೋಡು, ಇದಕ್ಕ ಸೊಕ್ಕು ಅಂತಾರ,” ಎಂದರು ಮಾವ.

ಕತೆಯ ಸೊಕ್ಕು ಯಾವಾಗಲೂ ಕೇಳುವವರದು. ಹೇಳುವವರದಲ್ಲ!

ವನದುರ್ಗದ ಒಂದು ಮದುವೆಯಲ್ಲಿ ಗಂಡಿನ ದೊಡ್ಡಪ್ಪ ತನ್ನ ಹೊಸ ಕಾರನ್ನು ವರ್ಣಿಸುತ್ತಿದ್ದ. ಮಾವ ಅವನನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದರು. “ಒಬ್ಬ ರಾಜ ಇದ್ದ. ಈ ಪಟ್ಟಣ ಕಟ್ಟಿದಾಂವ ನಾನೇ ಅಂತ ಮೆರದ. ದಾನಿಯೇಲ ಪ್ರವಾದಿ ಬ್ಯಾಡಂದ್ರೂ ಕೇಳಲಿಲ್ಲ. ಕಡೀಕ ಏನಾತು? ಎತ್ತಿನಂಗ ಜ್ವಾಳದ ಕಣಿಕಿ ಮೇದ!” ಪಾಪ, ಆ ಮನುಷ್ಯ ಆಮೇಲೆ ಕಾರಿನ ಮಾತೇ ಎತ್ತಲಿಲ್ಲ. ಆದರೆ ಹಿರಿಯರಿಗೆ ಶಾಲು ಹೊದಿಸುವಾಗ ಕಾರಿನವನ ಹೆಸರು ಮೂರನೆಯದಾಗಿ ಬಂತು, ಮಾವನದು ನಾಲ್ಕನೆಯದಾಗಿ. ಮಾವ ಊಟ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹಿಂದೆಯೇ ಅತ್ತೆ ಓಡಿದರು. “ಹೋಳಿಗಿ ಬಿಟ್ಟು ಹೊಂಟೀರಿ. ಮನ್ಯಾಗ ಕಣಿಕಿ ಅದ, ಹಾಕ್ಲೇನ್ರಿ?”

ಇಂಥ ಮಾವನ ಎಡಗೈ ಮೇಲೆ ಹೋದ ವರ್ಷ ಒಂದು ಬಿಳಚು ಮಚ್ಚೆ ಕಾಣಿಸಿತು. ಬಿಸಿಲಿಗೆ ಆದದ್ದು ಎಂದು ಅವರೇ ತೀರ್ಮಾನಿಸಿದ್ದರು. ಮನೆಮನೆ ತಪಾಸಣೆಗೆ ಬಂದ ಆಶಾ ಕಾರ್ಯಕರ್ತೆ ಅದನ್ನು ನೋಡಿದಳು. ಆಕೆ ಮಾವನದೇ ವಿದ್ಯಾರ್ಥಿನಿ. ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಮಚ್ಚೆಯನ್ನು ಮುಟ್ಟಿದಳು.

“ಎಲ್ಲಿ ಮುಟ್ಟಿದೆ, ತೋರಸ್ರಿ ಸರ್.”

“ಮೊದ್ಲು ಮುಟ್ಟವ್ವಾ, ಆಮ್ಯಾಲ ತೋರಸ್ತೀನಿ!”

ಆಕೆ ಆಗಲೇ ಮೂರು ಸಲ ಮುಟ್ಟಿದ್ದಳು. ಅತ್ತೆಯ ಮುಖ ಸಣ್ಣದಾಯಿತು.

“ಕುಷ್ಠದ ಸಂಶಯ ಅದ ಸರ್. ಅಂಜಬ್ಯಾಡ್ರಿ. ಇಲ್ಲೇ ಸರ್ಕಾರಿ ದವಾಖಾನಿಗಿ ಬರ್ರಿ. ಗುಳಗಿ ಪುಕ್ಕಟ ಕೊಡ್ತಾರ, ಪೂರಾ ಗುಣ ಆಗ್ತದ.”

“ನನಗ? ಈ ರೋಗ ನನಗ?” ಮಾವ ಗುಡುಗಿದರು. “ಹೈದರಾಬಾದಿನ ದೊಡ್ಡ ಡಾಕ್ಟರಿಗಿ ತೋರಸ್ತೀನಿ. ಪುಕ್ಕಟ ಗುಳಗಿಲೆ ಹೋಗಾಕ ಇದೇನು ನೆಗಡಿಯಾ?”

ಆದರೆ ಹೈದರಾಬಾದಿಗೂ ಹೋಗಲಿಲ್ಲ. ಸುದ್ದಿ ಕೇಳಿ ನಾನು ಗೋಗಿಗೆ ಹೋದಾಗ ಒಳಕೋಣೆಯಲ್ಲಿ ಕೂತಿದ್ದರು. ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ. ಅತ್ತೆ ಹತ್ತಿರ ಬಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಎರಡು ದಿನ ಒಂದೇ ಒಂದು ಕತೆ ಇಲ್ಲ! ಇವರ ಬಾಯಿ ಒಮ್ಮೆ ಮುಚ್ಚಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೆನೋ. ಈಗ ನಾನೇ ಸುರಪುರದ ಬಸ್ಸಿನ ಮಾತು ತೆಗೆದೆ; ಮೀನು ಬರಲೇ ಇಲ್ಲ.

ಮೂರನೆಯ ದಿನ ಅತ್ತೆ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತ ಕೇಳಿದರು. “ಆ ದಂಡನಾಯಕನ ಕತಿ ಮರ್ತೇ ಹೋಗೇದ ನೋಡ್ರಿ. ಮೈಗಿ ಕುಷ್ಠ ಆಗಿ ಎಲೀಷ ಪ್ರವಾದಿ ಮನಿಗಿ ಹೋಗಿದ್ನಲ್ಲ, ಮುಂದ ಏನಾತು?”

ಕತೆ ಕೇಳಿದರೆ ಮಾವ ತಡೆಯುವವರೇ? “ರಥ, ಕುದರಿ ತಗೊಂಡು ಹೋದ. ಎಲೀಷ ಹೊರಗ ಸೈತ ಬರಲಿಲ್ಲ. ಹೊಳ್ಯಾಗ ಏಳು ಸಲ ಮುಳಗು ಅಂತ ಆಳಿನ ಕೈಲೆ ಹೇಳಿ ಕಳಿಸ್ದ. ಇವಗ ಸಿಟ್ಟು ಬಂತು. ನಮ್ಮೂರಾಗ ಹೊಳಿ ಇಲ್ಲೇನು ಅಂದ. ಆಗ ಅವನ ಸೇವಕರು ಅಂದ್ರು, ಧಣಿ, ಕಠಿಣದ್ದು ಹೇಳಿದ್ರ ಮಾಡ್ತಿದ್ರಿ, ಸಸಾರದ್ದು ಹೇಳ್ಯಾನಂತ ಬಿಡ್ತೀರೇನು…”

ಮಾವನ ಮಾತು ಅಲ್ಲಿಗೇ ನಿಂತಿತು. ಅತ್ತೆ ತಲೆ ಎತ್ತದೆ ಬೇಳೆಯಲ್ಲಿ ಹರಳು ಹುಡುಕುತ್ತಿದ್ದರು.

“ದವಾಖಾನಿ ಎಷ್ಟಕ್ಕ ತಗೀತದ?” ಎಂದರು ಮಾವ.

ಡಾಕ್ಟರು ಪರೀಕ್ಷಿಸಿ, ರೋಗ ಈಗಷ್ಟೇ ಶುರುವಾಗಿದೆ, ಆರು ತಿಂಗಳು ಗುಳಿಗೆ ನುಂಗಿದರೆ ಮುಗಿಯಿತು, ತಟ್ಟೆ-ಲೋಟ ಬೇರೆ ಮಾಡುವ ಅಗತ್ಯವೇ ಇಲ್ಲ ಎಂದರು. ಅಂದೇ ಅತ್ತೆ ಆ ಬೇರೆ ತಟ್ಟೆಯನ್ನು ಗುಬ್ಬಿಗಳಿಗೆ ನೀರಿಡಲು ಇಟ್ಟರು. ದಿನದ ಗುಳಿಗೆ ಮನೆಯಲ್ಲಿ, ತಿಂಗಳಿಗೊಮ್ಮೆಯದನ್ನು ಮಾತ್ರ ಆಶಾ ಕಾರ್ಯಕರ್ತೆಯ ಎದುರಿಗೇ ನುಂಗಬೇಕು. “ಬಾಯಿ ತಗೀರಿ ಸರ್. ನಾಲಿಗಿ ಎತ್ರಿ.” ಒಂಬತ್ತನೆಯ ತರಗತಿಯಲ್ಲಿ ಆಕೆಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮಾಸ್ತರರು ನಾಲಿಗೆ ಎತ್ತುತ್ತಿದ್ದರು!

ಆರು ತಿಂಗಳಾದ ಮೇಲೆ ಡಾಕ್ಟರು “ಪೂರಾ ಗುಣ ಆಗೇದ” ಎಂದಾಗ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನನಗೂ ಉಸಿರು ಸಲೀಸಾಯಿತು. ಮೂವರೂ ರಸ್ತೆಯಲ್ಲೇ ನಿಂತು ಮಿರ್ಚಿ ಭಜಿ ತಿಂದೆವು. “ಗುಳಗಿ ನುಂಗೂದ್ರಾಗೂ ನನ್ನಷ್ಟು ವಿನಯ ಯಾರಿಗೂ ಇಲ್ಲ,” ಎಂದರು ಮಾವ. ಸರಿ, ಒಂದು ರೋಗವಾದರೂ ಹೋಯಿತಲ್ಲ!

ತಿಂಗಳ ನಂತರ ನಾನು ಗೋಗಿಯಲ್ಲಿದ್ದಾಗ ಆಶಾ ಕಾರ್ಯಕರ್ತೆ ಮತ್ತೆ ಬಂದಳು. ಕೆಳಗಿನ ಓಣಿಯಲ್ಲಿ ಒಬ್ಬ ಸೊಸೆಗೂ ಮಚ್ಚೆ ಆಗಿದೆ; ತವರಿಗೆ ಅಟ್ಟಿಬಿಟ್ಟಾರೆಂದು ಹೆದರಿ ಕೈಯನ್ನೇ ತೋರಿಸುತ್ತಿಲ್ಲ. “ನೀವೊಂದು ಮಾತು ಹೇಳ್ರಿ ಸರ್.” ಇನ್ನು ಒಂದು ತಾಸಿನ ಉಪದೇಶ ಎಂದುಕೊಂಡು ನಾನೂ ಹಿಂದೆ ಹೋದೆ.

ಆ ಅಂಗಳದಲ್ಲಿ ಸೊಸೆಯ ಅತ್ತೆ-ಮಾವ, ನೆರೆಹೊರೆಯವರು, ಎಲ್ಲ ನಿಂತಿದ್ದರು. ಕುರ್ಚಿ ಹಾಕಿದರು. ನಮ್ಮ ಮಾವ ಅದರಲ್ಲಿ ಕೂರಲಿಲ್ಲ. ಆ ಹುಡುಗಿಯ ಎದುರು ನೆಲದ ಮೇಲೆ ಕೂತು, ಅಂಗಿಯ ತೋಳನ್ನು ಮೊಣಕೈತನಕ ಮಡಚಿದರು.

“ನನಗೂ ಆಗಿತ್ತವ್ವಾ. ಇಲ್ಲಿ ನೋಡು. ನಾನೂ ಭಾಳ ಅಂಜಿದ್ದೆ.”

ಅಷ್ಟೇ. ಓಣಿಯ ಜನರೆಲ್ಲ ನೋಡುತ್ತಿದ್ದರೂ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. ಹುಡುಗಿ ಅದನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಸೆರಗಿನೊಳಗಿಂದ ತನ್ನ ಕೈ ತೆಗೆದು ಅವರ ಕೈಯ ಪಕ್ಕದಲ್ಲಿಟ್ಟಳು.