ಹುಳ ಬಿದ್ದರೆ ಉಳಿಯುವ ಕೆಲಸ

ಕೆಲಸವಿಲ್ಲದವರನ್ನು ನೊಣ ಹೊಡೆಯುತ್ತಾ ಕೂತಿದ್ದಾರೆ ಅನ್ನುವುದುಂಟು. ನನ್ನದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೆಲಸ. ನಾನು ನೊಣ ಎಣಿಸುತ್ತೇನೆ. ರೈತರ ಹೊಲ, ತೋಟ, ರೇಷ್ಮೆ ಹುಳುವಿನ ಮನೆಗಳಿಗೆ ವಾರಕ್ಕೊಮ್ಮೆ ಸ್ಕೂಟರ್‌ನಲ್ಲಿ ಹೋಗಿ, ನಾವು ಇಟ್ಟ ಬಲೆಗಳಲ್ಲಿ ಯಾವ ಕೀಟ ಎಷ್ಟು ಬಿದ್ದಿದೆ ಅಂತ ಎಣಿಸಿ ಮೊಬೈಲ್‌ನಲ್ಲಿ ತುಂಬಬೇಕು. ಹುಳ ಹೆಚ್ಚಾದರೆ ರೈತರಿಗೆ ಮುಂಚೆಯೇ ಎಚ್ಚರಿಕೆ ಹೋಗುತ್ತದೆ. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸಬೇಕು. ಈ ಸಲ ಸಾಹೇಬರು ಕರೆದು, "ನಿಮ್ಮ ವರದೀಲಿ ಬರೀ ಸೊನ್ನೆ ಕಣಮ್ಮ. ಈ ತಿಂಗಳೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಕೋತೀವಿ" ಅಂದುಬಿಟ್ಟರು. ಸೊನ್ನೆ ಯಾಕೆ ಬರುತ್ತದೆ ಅಂತ ಹೇಗೆ ಹೇಳಲಿ? ದಿನ ಬೆಳಗಾದರೆ ಇಂಥವೇ ನಡೆಯುತ್ತವೆ.

ಫಳಫಳ ಡಬ್ಬಿ

ಗೌರಿಬಿದನೂರಿನ ಕಡೆ ಒಬ್ಬ ಅಜ್ಜಿಯ ಮುಸುಕಿನ ಜೋಳದ ಹೊಲ. ಬಲೆಯ ಕೆಳಗಿನ ಡಬ್ಬಿಗೆ ಸೈನಿಕ ಹುಳುವಿನ ಪತಂಗ ಬೀಳಬೇಕು. ಹೊಲದ ತುಂಬ ಎಲೆಗಳು ತೂತು, ಡಬ್ಬಿಯಲ್ಲಿ ಮಾತ್ರ ಒಂದು ರೆಕ್ಕೆಯೂ ಇಲ್ಲ. ಒಂದು ದಿನ ಅರ್ಧ ಗಂಟೆ ಮುಂಚೆ ಹೋದೆ. ಅಜ್ಜಿ ಬೋರ್‌ವೆಲ್ ಹತ್ತಿರ ಕೂತು ಡಬ್ಬಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು.

"ಅಜ್ಜಿ, ಹುಳ ಎಲ್ಲಿ?"

"ಚೆಲ್ಲಿದೆ ಕಣಮ್ಮ. ಅಷ್ಟು ದೂರದಿಂದ ಬರ್ತೀಯ. ಬಂದೋರ ಮುಂದೆ ಹುಳ ಬಿದ್ದಿರೋ ಡಬ್ಬಿ ಇಡಕ್ಕಾಗ್ತದಾ?"

ಹುಳವೇ ನನಗೆ ಬೇಕಾದದ್ದು ಅಂತ ಕೈಮುಗಿದು ಹೇಳಿಬಂದೆ. ಮುಂದಿನ ವಾರ ಡಬ್ಬಿ ತುಂಬ ಪತಂಗ, ಅದರ ಮೇಲೆ ಮುತ್ತುಗದ ಎಲೆ ಮುಚ್ಚಿತ್ತು.

"ಎಲೆ ಯಾಕಜ್ಜಿ?"

"ನೊಣ ಕೂತ್ಕೋಬಾರದಲ್ಲಮ್ಮ!"

ಬಾಗಿಲ ಹೊರಗೆ

ಶಿಡ್ಲಘಟ್ಟದ ಸಾದಲಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ. ಊಜಿ ನೊಣ ಒಳಗೆ ನುಗ್ಗಿ ಹುಳುವಿನ ಮೇಲೆ ಮೊಟ್ಟೆ ಇಟ್ಟರೆ ಬೆಳೆ ಕೆಟ್ಟಿತು. ಅದಕ್ಕೇ ಮನೆಯಾಕೆಯ ಕಾವಲು ಬಲು ಬಿಗಿ. ನನ್ನ ಚಪ್ಪಲಿ ಬಿಡಿಸಿದರು, ಸುಣ್ಣದ ಪುಡಿ ತುಳಿಸಿದರು, ಕೈ ತೊಳೆಸಿದರು, ಮುಡಿದಿದ್ದ ಮಲ್ಲಿಗೆ ತೆಗೆಸಿದರು.

"ಸೆಂಟು ಹಾಕಿದ್ದೀರಾ?"

"ಇಲ್ಲಕ್ಕ."

"ಪೌಡರ್ರು?"

ನಾನು ತಲೆ ತಗ್ಗಿಸಿದೆ. ಮುಖವನ್ನೂ ತೊಳೆಸಿದರು. ಆಮೇಲೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲ ಆಯ್ತಲ್ಲಕ್ಕ, ಬಾಗಿಲು ತೆಗೀರಿ. ಊಜಿ ಎಷ್ಟಿದೆ ಅಂತ ಎಣಿಸಬೇಕು."

"ಇಷ್ಟೊತ್ತು ಒಂದೂ ಇರಲಿಲ್ಲ. ನಿಮ್ಮ ಜೊತೇಲಿ ಎರಡು ಬಂದವೆ. ಅವನ್ನೇ ಎಣಿಸ್ಕೊಂಡು ಹೋಗಿ!"

ತಿರುಗಿ ನೋಡಿದೆ. ಎರಡೂ ನನ್ನ ಬ್ಯಾಗಿನ ಮೇಲೇ ಕೂತಿದ್ದವು.

ಸಾಹೇಬರು ಬಂದ ದಿನ

ಕೊನೆಯ ಬಲೆ ಮುರುಗಮಲ್ಲದ ಹತ್ತಿರ, ತೋಟದಲ್ಲೇ ಮನೆ ಮಾಡಿಕೊಂಡಿದ್ದ ಗಂಡ ಹೆಂಡತಿಯ ಟೊಮೆಟೊ ಬೆಳೆಯಲ್ಲಿತ್ತು. ನೀರು ತುಂಬಿದ ಬೇಸಿನ್, ಮೇಲೆ ತಂತಿಯಲ್ಲಿ ಬೆರಳ ತುದಿಯಷ್ಟು ರಬ್ಬರ್ ಬಿಲ್ಲೆ. ಅದರ ವಾಸನೆಗೆ ಗಂಡು ಪತಂಗಗಳು ಹೆಣ್ಣಿದೆ ಅಂದುಕೊಂಡು ಬಂದು ನೀರಿಗೆ ಬೀಳುತ್ತವೆ. ಇಲ್ಲಿ ಮೂರು ವಾರದಿಂದ ಒಂದೂ ಬಿದ್ದಿರಲಿಲ್ಲ. ನನಗಂತೂ ಅಳುವೇ ಬಂತು. ಕೆಲಸ ಹೋಗುತ್ತದೆ ಅಂತ ಅವರ ಮುಂದೆ ಹೇಳಿಕೊಂಡೆ.

"ದೇವರಿಗೆ ಹೇಳ್ತೀನಿ, ಸುಮ್ನಿರಮ್ಮ" ಅಂದರು ಹೆಂಡತಿ. ಗಂಡ ತಲೆ ಕೆರೆದುಕೊಂಡರು.

ಮಾರನೆಯ ದಿನ ಸಾಹೇಬರೇ ನನ್ನ ಜೊತೆ ಪರೀಕ್ಷೆಗೆ ಬಂದರು. ಇಬ್ಬರೂ ಬೇಸಿನ್ ಒಳಗೆ ನೋಡಿದೆವು. ನಾಲ್ಕು ಮಿಡತೆ, ಎರಡು ಜೀರುಂಡೆ, ಒಂದು ಹಳದಿ ಚಿಟ್ಟೆ, ಮಧ್ಯದಲ್ಲಿ ಆರಾಮಾಗಿ ಈಜುತ್ತಿರುವ ಕಪ್ಪೆ.

"ಏನ್ರೀ ಇದು?"

ಗಂಡ ಕೈಮುಗಿದರು. "ಹುಳ ಬೀಳ್ದಿದ್ರೆ ಮೇಡಂ ಕೆಲ್ಸ ಹೋಗ್ತದಂತೆ ಸಾರ್. ಬೆಳಗ್ಗೆಯಿಂದ ಟವಲ್ಲಲ್ಲಿ ಹಿಡಿದು ಹಿಡಿದು ಹಾಕಿದ್ದೀನಿ."

"ಕಪ್ಪೆ?"

"ಅದು ಊಟಕ್ಕೆ ಬಂದಿರೋದು ಸಾರ್, ಲೆಕ್ಕಕ್ಕೆ ತಗೋಬೇಡಿ."

ಸಾಹೇಬರು ಬಗ್ಗಿ, "ತಂತೀಲಿ ಬಿಲ್ಲೆ ಎಲ್ಲಿ?" ಅಂದರು. ಇರಲಿಲ್ಲ. ಮೂರು ವಾರ ನಾನು ನೀರನ್ನೇ ನೋಡಿದ್ದೆ, ಒಂದು ಸಲವೂ ತಂತಿ ನೋಡಿರಲಿಲ್ಲ. ನನ್ನಂಥ ದಡ್ಡಿ ಈ ಜಿಲ್ಲೆಯಲ್ಲೇ ಇಲ್ಲ.

ಗಂಡ ಹೆಂಡತಿಯ ಕಡೆ ತಿರುಗಿ, "ಎಕ್ಕಡ ಪೆಟ್ಟಿನಾವೇ?" ಅಂದರು, ಎಲ್ಲಿಟ್ಟೆ ಅಂತ ತೆಲುಗಿನಲ್ಲಿ.

"ಅಯ್ಯಯ್ಯೋ! ಆಯುಧ ಪೂಜೆ ದಿನ ಗುದ್ದಲಿ, ಔಷಧಿ ಪಂಪು, ಮೋಟ್ರು ಎಲ್ಲಕ್ಕೂ ಕುಂಕುಮ ಇಟ್ಟೆ. ಇದೂ ಬೆಳೆ ಕಾಯೋ ಆಯುಧ ತಾನೇ ಅಂತ ಬಿಚ್ಕೊಂಡೋಗಿ ದೇವರ ಮುಂದೆ ಇಟ್ಟೆ. ಅಲ್ಲೇ ಮರೆತೆ!"

ಎಲ್ಲರೂ ಒಳಗೆ ಓಡಿದೆವು. ದೇವರ ಪಟದ ಮೇಲೆ ಪತಂಗ, ಹೂವಿನ ಹಾರದ ಮೇಲೆ ಪತಂಗ, ಕುಂಕುಮದ ಭರಣಿಯಲ್ಲಿ ಪತಂಗ, ತೀರ್ಥದ ಚೊಂಬಿನಲ್ಲಂತೂ ನೀರೇ ಕಾಣದಷ್ಟು ಪತಂಗ. ಹೆಂಡತಿ ಗಲ್ಲ ಗಲ್ಲ ಬಡಿದುಕೊಂಡು, "ದಿನಾ ನಾಕೈದು ದೀಪಕ್ಕೆ ಬರ್ತಿದ್ವು, ಇವತ್ತು ನೋಡಿದ್ಯಾಮ್ಮ! ನಿನ್ನೆ ಬೇಡ್ಕೊಂಡಿದ್ದಕ್ಕೆ ದೇವರೇ ಹಿಡಿದಿಟ್ಟವ್ನೆ!" ಅಂದರು.

ಸಾಹೇಬರು ಬೂಟು ಬಿಚ್ಚಿದರು, ಮೊದಲು ಕೈಮುಗಿದರು, ಆಮೇಲೆ "ಎಣಿಸಮ್ಮ" ಅಂದರು. ನೂರು ದಾಟಿತು. ಮೊಬೈಲ್‌ನಲ್ಲಿ "ಬಲೆ ಇಟ್ಟ ಜಾಗ" ಅಂತ ಕೇಳಿದಾಗ ನಾನು ಸಾಹೇಬರ ಮುಖ ನೋಡಿದೆ. ಅವರೇ ಕಿತ್ತುಕೊಂಡು "ದೇವರ ಮನೆ" ಅಂತ ತುಂಬಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನ್ನ ಕೆಲಸ ಉಳಿಯಿತು. ಈಗ ಆಯುಧ ಪೂಜೆಗೆ ಎರಡು ದಿನ ಮುಂಚೆ ನಮ್ಮ ಎಲ್ಲ ರೈತರಿಗೂ ಕಚೇರಿಯಿಂದ ಮೆಸೇಜ್ ಹೋಗುತ್ತದೆ: "ಕೀಟದ ಬಲೆಗಳಿಗೆ ಕುಂಕುಮವನ್ನು ಹೊಲದಲ್ಲಿಯೇ ಇಡತಕ್ಕದ್ದು."