ಮೂರನೇ ಮಹಡಿಯಿಂದ ಇಳಿದ ಗುಟ್ಟುಗಳು

ಮನೆ ನೋಡಲು ಬಂದವರು ಮನೆಯನ್ನಷ್ಟೇ ನೋಡಿಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ. ವಡೋದರಾದ ನಮ್ಮ ಫ್ಲ್ಯಾಟು ಮಾರಾಟಕ್ಕಿದ್ದಾಗ ಜನ ನಮ್ಮ ಫ್ರಿಜ್ಜು ನೋಡಿದರು, ಕಪಾಟು ನೋಡಿದರು, ನಮ್ಮವರ ಮಧ್ಯಾಹ್ನದ ನಿದ್ದೆಯನ್ನೂ ನೋಡಿ ಹೋದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ತಲೆನೋವು.

ನಾವು ಉಡುಪಿ ಕಡೆಯವರು. ನಮ್ಮವರದು ಅಲ್ಕಾಪುರಿಯಲ್ಲಿ ಇಡ್ಲಿ ದೋಸೆಯ ಹೋಟೆಲು. ಮನೆ ಗೋರ್ವಾದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಅತ್ತೆಗೆ ಮಂಡಿನೋವು ಜೋರಾದ ಮೇಲೆ ಅವರು ಕೆಳಗಿಳಿಯುವುದೇ ನಿಂತುಹೋಯಿತು. ಅವರ ವ್ಯವಹಾರವೆಲ್ಲ ಬಾಲ್ಕನಿಯಿಂದಲೇ. ತರಕಾರಿ ಗಾಡಿ ಬಂದರೆ ಹಗ್ಗ ಕಟ್ಟಿದ ಬುಟ್ಟಿ ಇಳಿಸುವರು. ಬದನೆಕಾಯಿ ಮೇಲೆ ಬರುವುದು, ಹುಳುಕಿದ್ದರೆ ಅದೇ ಬುಟ್ಟಿಯಲ್ಲಿ ವಾಪಸ್ ಇಳಿಯುವುದು, ಜೊತೆಗೆ ನಾಲ್ಕು ಬೈಗುಳವೂ ಇಳಿಯುವುದು. ಗುಜರಾತಿಯನ್ನು ಅವರು ಕಲಿತದ್ದೇ ಹೀಗೆ, ಮೇಲಿನಿಂದ ಕೆಳಕ್ಕೆ ಕೂಗಿ. ಹಾಗಾಗಿ ಪಕ್ಕದಲ್ಲಿ ಕೂತವರ ಜೊತೆಗೂ ಅವರು ಗುಜರಾತಿಯನ್ನು ಕೂಗಿಯೇ ಆಡುತ್ತಿದ್ದರು.

ಒಂದು ಬೆಳಿಗ್ಗೆ ಬುಟ್ಟಿ ಎಳೆಯುತ್ತ ಅತ್ತೆ, "ರಸ್ತೆಯಲ್ಲಿ ನಡೆಯದೆ ಎಷ್ಟು ಕಾಲ ಆಯ್ತಲ್ಲ ಮಾರಾಯ್ತಿ. ಈ ಬದನೆಕಾಯಿಗೆ ಇರುವ ಭಾಗ್ಯವೂ ನನಗಿಲ್ಲ" ಅಂದರು. ತಮಾಷೆಗೇ ಅಂದದ್ದು. ನನಗೆ ಮಾತ್ರ ನಗು ಬರಲಿಲ್ಲ. ಈ ಫ್ಲ್ಯಾಟು ಮಾರಿ ನೆಲಮಟ್ಟದ ಮನೆ ಹಿಡಿಯಲೇಬೇಕು ಅಂತ ಅವತ್ತೇ ನಮ್ಮವರಿಗೆ ಹೇಳಿದೆ.

ಬ್ರೋಕರ್ ಭಾಯಿ ಬಂದರು. ಆ ದೊಡ್ಡ ಭೂಕಂಪ ಆದಮೇಲೆ ಮೇಲಿನ ಮಹಡಿ ಅಂದರೆ ಜನ ಹಿಂದೇಟು ಹಾಕುತ್ತಾರೆ, ಮಾರುವುದು ಸುಲಭವಲ್ಲ, ನಾನು ಹೇಳಿದ ಹಾಗೆ ಕೇಳಬೇಕು ಅಂದರು. ಅವರ ನಿಯಮ ಒಂದೇ: ಕೊಡುವವರು ಕೊಳ್ಳುವವರ ಹತ್ತಿರ ಹೆಚ್ಚು ಮಾತಾಡಬಾರದು. ಏನಿದ್ದರೂ ಅವರ ಮೂಲಕ. ಅದರಲ್ಲೂ ಮಂಡಿ ಅನ್ನುವ ಶಬ್ದ ಬಾಯಿಂದ ಬರಲೇಬಾರದು, ಬಂದರೆ ಪಾರ್ಟಿಗೆ, ಅಂದರೆ ಕೊಳ್ಳಲು ಬಂದವರಿಗೆ, ಮೆಟ್ಟಿಲು ನೆನಪಾಗುತ್ತದೆ. ಮೆಟ್ಟಿಲು ಹತ್ತಿಯೇ ಅಲ್ಲವೇ ಪಾರ್ಟಿ ಬರುವುದು ಅಂತ ನಮ್ಮವರು ಕೇಳಿದರು. ಹತ್ತುವುದು ಬೇರೆ, ನೆನಪಾಗುವುದು ಬೇರೆ ಅಂದರು ಬ್ರೋಕರ್ ಭಾಯಿ.

ಎಣ್ಣೆ ಬಾಟಲಿ

ಮೊದಲ ಪಾರ್ಟಿ ನಡುವಯಸ್ಸಿನ ಗಂಡ ಹೆಂಡತಿ. ಅತ್ತೆಯನ್ನು ಮೊದಲೇ ಕುರ್ಚಿಯಲ್ಲಿ ಕೂರಿಸಿ, ಏಳಬೇಡಿ, ಕುಂಟಬೇಡಿ, ಮಾತಾಡಬೇಡಿ ಅಂತ ಹೇಳಿದ್ದೆ. ಅತ್ತೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೈ ಮಡಿಲಲ್ಲಿಟ್ಟು ಕೂತಿದ್ದರು.

ಆ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದು ಸೋಫಾದಲ್ಲಿ ಕುಸಿದು ಮಂಡಿ ಒತ್ತಿಕೊಂಡಳು. ಅಷ್ಟೇ. ಅತ್ತೆಯ ಮುಖದಲ್ಲಿ ಏನೋ ಒಂದು ಅರಳಿತು. ಊರಿನಿಂದ ತರಿಸಿದ್ದ ಎಣ್ಣೆ ಬಾಟಲಿ ಕುರ್ಚಿಯ ಕೆಳಗೇ ಇತ್ತು, ನನಗೆ ಗೊತ್ತಿರಲಿಲ್ಲ. ನಾನು ಗಂಡಸರಿಗೆ ಅಡುಗೆಮನೆ ತೋರಿಸಿ ಬರುವಷ್ಟರಲ್ಲಿ ಆ ಹೆಂಗಸಿನ ಕಾಲು ಅತ್ತೆಯ ಮಡಿಲಲ್ಲಿತ್ತು. ಎಲ್ಲಿ ಒತ್ತಬೇಕು, ಯಾವ ಹೊತ್ತಿಗೆ ಹಚ್ಚಬೇಕು, ಈ ಮೆಟ್ಟಿಲಿನಿಂದ ತಮ್ಮ ಮಂಡಿ ಹೇಗೆ ಹಾಳಾಯಿತು ಎಲ್ಲವೂ ಸವಿಸ್ತಾರವಾಗಿ ನಡೆದಿತ್ತು. ಬ್ರೋಕರ್ ಭಾಯಿ ನಡುವೆ ಬಂದು, ಗಾಳಿ ಬೆಳಕು ನೋಡಿ ಅಂದರು. ಯಾರೂ ನೋಡಲಿಲ್ಲ.

ಇಳಿಯುವಾಗ ಆ ಹೆಂಗಸು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಮನೆ ಹೇಗನ್ನಿಸಿತಂತೆ ಅಂತ ಮರುದಿನ ಫೋನಿನಲ್ಲಿ ಕೇಳಿದೆ. ಬ್ರೋಕರ್ ಭಾಯಿ ನಿಟ್ಟುಸಿರು ಬಿಟ್ಟರು. ಮನೆ ವಿಷಯ ಅವರು ಎತ್ತಲೇ ಇಲ್ಲ, ಇನ್ನೊಂದು ಬಾಟಲಿ ಸಿಗುತ್ತದೆಯೇ ಅಂತ ಕೇಳಿದ್ದಾರೆ ಅಂದರು.

ಹಿಟ್ಟಿನ ಪಾತ್ರೆ

ಎರಡನೆಯವರು ಬಂದದ್ದು ಭಾನುವಾರ ಬೆಳಿಗ್ಗೆ, ಇಡೀ ಕುಟುಂಬ. ಅಜ್ಜ, ಚಿಕ್ಕಪ್ಪ, ಚಿಕ್ಕಮ್ಮ, ಮನೆ ಕೊಳ್ಳುವ ಸಂಬಂಧವೇ ಇಲ್ಲದ ಒಬ್ಬ ಭಾವಮೈದುನ. ಅವರು ಬರುತ್ತಾರೆಂದು ಮನೆ ಚೊಕ್ಕ ಮಾಡಿದ್ದೆ. ಚೊಕ್ಕ ಅಂದರೆ ಕಂಡದ್ದನ್ನೆಲ್ಲ ಕಪಾಟಿಗೆ ತುರುಕಿ ಬಾಗಿಲು ಒತ್ತಿಟ್ಟಿದ್ದೆ. ಚಿಕ್ಕಮ್ಮ ನೇರವಾಗಿ ಹೋಗಿ ಅದನ್ನೇ ತೆಗೆದಳು. ಇಸ್ತ್ರಿಯಿಲ್ಲದ ಬಟ್ಟೆ, ಹಲಸಿನ ಹಪ್ಪಳದ ಡಬ್ಬ, ನಮ್ಮವರ ಬನಿಯನ್ನು, ಎಲ್ಲವೂ ಅವಳ ಕಾಲಬುಡಕ್ಕೆ ಬಂದು ಬಿದ್ದವು. ಅವಳು ಸ್ವಲ್ಪವೂ ವಿಚಲಿತಳಾಗದೆ, ಕಪಾಟಿನಲ್ಲಿ ಜಾಗ ಚೆನ್ನಾಗಿದೆ ಅಂದಳು.

ಆಮೇಲೆ ಫ್ರಿಜ್ ತೆಗೆದಳು. ಫ್ರಿಜ್ ಮನೆಯ ಜೊತೆ ಬರುವುದಿಲ್ಲ ಅಂದೆ. ಗೊತ್ತು, ಸುಮ್ಮನೆ ನೋಡುತ್ತಿದ್ದೇನೆ ಅಂದಳು. ಒಳಗೆ ದೋಸೆ ಹಿಟ್ಟಿನ ಪಾತ್ರೆ ಕಂಡಿತು. ಇದಕ್ಕೆ ಉದ್ದು ಎಷ್ಟು, ಅಕ್ಕಿ ಯಾವುದು, ಚಳಿಗಾಲದಲ್ಲಿ ಹುಳಿ ಬರುತ್ತದೆಯೇ ಅಂತ ಶುರುವಾಯಿತು. ಮನೆಗೆ ಬಂದವರು ಹಿಟ್ಟನ್ನು ನೋಡಿ ಬಾಯಿ ಚಪ್ಪರಿಸಿದ ಮೇಲೆ ಕಾವಲಿ ಇಡದೆ ಇರಲು ನನ್ನಿಂದಾಗುವುದಿಲ್ಲ. ಅಷ್ಟೂ ಜನಕ್ಕೆ ಹುಯ್ದೆ. ಭಾವಮೈದುನ ಮೂರು ಸಲ ಹಾಕಿಸಿಕೊಂಡ.

ಮುಂದಿನ ಭಾನುವಾರ ಬೇರೆ ಪಾರ್ಟಿ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಚಟ್ನಿ ತೆಂಗಿನಕಾಯಿಯದೋ ಅಂತ ವಿಚಾರಿಸಿದರು. ಇವರು ಪಾರ್ಟಿಯಲ್ಲ, ಗಿರಾಕಿಗಳು ಅಂತ ನಮ್ಮವರು ರೇಗಿದರು. ಬ್ರೋಕರ್ ಭಾಯಿ ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವರ ಬಾಯಲ್ಲಿ ದೋಸೆಯಿತ್ತು.

ಪಕ್ಕದಲ್ಲಿ ಮಲಗಿದವರು

ಅಂದಿನಿಂದ ಬೆಳಗಿನ ಪಾರ್ಟಿ ಬೇಡ, ಮಧ್ಯಾಹ್ನ ತನ್ನಿ ಅಂದೆ. ಅದು ಇನ್ನೊಂದು ಎಡವಟ್ಟಿಗೆ ದಾರಿಯಾಯಿತು. ಹೋಟೆಲಿನವರಿಗೆ ಊಟದ ಗಲಾಟೆ ಮುಗಿದು ಸಂಜೆಯ ಗಲಾಟೆ ಶುರುವಾಗುವ ನಡುವೆ ಸಿಗುವುದು ಒಂದಿಷ್ಟು ನಿದ್ದೆ. ನಮ್ಮವರು ಲುಂಗಿ ಸುತ್ತಿಕೊಂಡು ಮಲಗಿದರೆಂದರೆ ಪಕ್ಕದಲ್ಲಿ ವಾಲಗ ಊದಿದರೂ ಏಳುವವರಲ್ಲ.

ಬಂದವರು ಸಣಕಲು ಮೈಯ ಒಬ್ಬ ಮೇಷ್ಟ್ರು ಮತ್ತು ಅವರ ಹೆಂಡತಿ. ಆ ಕೋಣೆಯನ್ನು ಬಾಗಿಲಿನಿಂದಲೇ ನೋಡಿ, ಯಜಮಾನರು ಮಲಗಿದ್ದಾರೆ ಅಂದೆ. ಮೇಷ್ಟ್ರು ಇಣುಕಿದರು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಆದರೂ ನಮ್ಮವರು ಬಾಯಿ ತೆರೆದು ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ಮೇಷ್ಟ್ರಿಗೆ ರಾತ್ರಿ ನಿದ್ದೆ ಬರುವುದಿಲ್ಲವಂತೆ, ಯಾವ ಔಷಧಿಯೂ ನಾಟಲಿಲ್ಲವಂತೆ. ತಲೆ ಯಾವ ದಿಕ್ಕಿಗಿದೆ ಅಂತ ಪಿಸುದನಿಯಲ್ಲಿ ಕೇಳಿದರು. ಕಿಟಕಿಯ ಗಾಳಿ ಎಲ್ಲಿಗೆ ತಾಗುತ್ತದೆ ಅಂತ ಕೇಳಿದರು. ಆಮೇಲೆ ಬಹಳ ಸಂಕೋಚದಿಂದ, ಒಂದು ನಿಮಿಷ ಮಲಗಿ ನೋಡಲೇ ಅಂದರು.

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಾನು, ಅವರ ಹೆಂಡತಿ, ಬ್ರೋಕರ್ ಭಾಯಿ ಹಾಲಿನಲ್ಲಿ ಚಹಾ ಕುಡಿದೆವು. ಚಹಾ ಮುಗಿಯಿತು, ಮಾತೂ ಮುಗಿಯಿತು. ಒಳಗಿನಿಂದ ಎರಡು ಗೊರಕೆ ಕೇಳತೊಡಗಿದವು.

ನಮ್ಮವರಿಗೆ ಎಚ್ಚರವಾದಾಗ ಪಕ್ಕದಲ್ಲಿ ಗುರುತಿಲ್ಲದ ಗಂಡಸು, ಅವರ ಹೆಗಲ ಮೇಲೆ ಕೈ ಹಾಕಿಕೊಂಡು ಮಲಗಿದ್ದ. ಇವರು ಕೈಯನ್ನು ಮೆಲ್ಲಗೆ ಎತ್ತಿಟ್ಟು ಹೊರಗೆ ಬಂದು, "ಒಳಗೆ ಯಾರೋ ಇದ್ದಾರಲ್ಲ, ನಿನಗೆ ಗೊತ್ತುಂಟಾ?" ಅಂತ ನನ್ನನ್ನು ಕೇಳಿದರು. ಮೇಷ್ಟ್ರು ಎದ್ದು, ಈ ಮನೆ ಬಿಟ್ಟು ಬೇರೆ ನೋಡುವುದೇ ಇಲ್ಲ ಅಂತ ಘೋಷಿಸಿದರು. ಬ್ರೋಕರ್ ಭಾಯಿಯ ಮುಖ ಅರಳಿತು. ಆದರೆ ಮೇಷ್ಟ್ರ ಹೆಂಡತಿ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಇವರು ರಾತ್ರಿ ಎಚ್ಚರವಿರುತ್ತಾರೆ ಅಂತಲಾದರೂ ಒಂದು ಕೆಲಸ ಹೇಳಬಹುದು, ಇಲ್ಲಿಗೆ ಬಂದರೆ ಅದೂ ಇಲ್ಲ ಅಂದಳು.

ಬಾಲ್ಕನಿ ಮತ್ತು ಬೆಂಚು

ಹೀಗೆ ಮಳೆಗಾಲ ಕಳೆಯಿತು, ನವರಾತ್ರಿಯೂ ಕಳೆಯಿತು. ಕೆಳಗೆ ಗರ್ಬಾ ನಡೆಯುವಾಗ ಅತ್ತೆ ಬಾಲ್ಕನಿಯ ಕಂಬಿ ಹಿಡಿದು ನಿಂತು ತಾಳ ಹಾಕುತ್ತಿದ್ದರು. ಅದನ್ನು ಕಂಡು ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದೂ ಉಂಟು. ಮನೆ ಮಾರಾಟವಾಗುವ ಲಕ್ಷಣವೇ ಇರಲಿಲ್ಲ.

ಆಗ ಬಂದವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಒಬ್ಬ ಹುಡುಗ ಮತ್ತು ಅವನ ಹೆಂಡತಿ. ಅವರ ಮನೆಯೂ ಗೋರ್ವಾದಲ್ಲೇ, ನಮ್ಮಿಂದ ಎರಡು ಗಲ್ಲಿಯಾಚೆ. ತಾಯಿಯನ್ನು, ಅಂದರೆ ಅವರು ಗುಜರಾತಿಯಲ್ಲಿ ಕರೆಯುವ ಹಾಗೆ ಬಾ ಅವರನ್ನು, ಕೆಳಗೆ ಬೇವಿನ ಮರದ ನೆರಳಿನ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿ ಬಂದಿದ್ದರು. ಈ ಸಲ ಎಚ್ಚರಿಕೆಯಿಂದ ನಾನು ಅತ್ತೆಯನ್ನು ಬಾಲ್ಕನಿಗೆ ಕಳಿಸಿ ನಡುವಿನ ಬಾಗಿಲು ಎಳೆದುಕೊಂಡೆ.

ಆ ಹುಡುಗ ಕೇಳಿದ ಪ್ರಶ್ನೆಗಳೇ ವಿಚಿತ್ರ. ವಯಸ್ಸಾದವರಿಗೆ ಈ ಮೆಟ್ಟಿಲು ಇಳಿಯಲು ಕಷ್ಟವೇ ಅಂದ. ಏನೂ ಇಲ್ಲ, ಅಜ್ಜಿಯರು ಓಡಿಕೊಂಡು ಇಳಿಯುತ್ತಾರೆ ಅಂದರು ಬ್ರೋಕರ್ ಭಾಯಿ. ಹುಡುಗನ ಮುಖ ಬಾಡಿತು. ಹತ್ತಿರದಲ್ಲಿ ತಿಂಡಿಯಂಗಡಿ ಇದೆಯೇ ಅಂದ. ಬೇಕಾದಷ್ಟು ಅಂದರು. ಇನ್ನಷ್ಟು ಬಾಡಿತು. ಲಿಫ್ಟೂ ಬರಲಿದೆ ಅಂತ ಬ್ರೋಕರ್ ಭಾಯಿ ಸುಳ್ಳು ಸೇರಿಸಿದಾಗ ಗಂಡ ಹೆಂಡತಿ ಎದ್ದೇಬಿಟ್ಟರು.

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಗುಜರಾತಿ ಕೇಳಿಸಿತು. ಸೆಕೆಯಲ್ಲಿ ಕೂತ ಮುದುಕಿಯನ್ನು ಕಂಡು ಅತ್ತೆ ಬುಟ್ಟಿಯಲ್ಲಿ ಮಜ್ಜಿಗೆ ಇಳಿಸಿದ್ದರು. ಬಾ ಅವರಿಗೆ ಕಿವಿ ಸ್ವಲ್ಪ ಮಂದ, ಅವರೂ ಕೂಗಿಯೇ ಮಾತಾಡುವವರು. ಇಬ್ಬರಿಗೂ ಸರಿಯಾದ ಜೋಡಿ ಸಿಕ್ಕಿತ್ತು.

ಮನೆ ಯಾಕೆ ಮಾರುತ್ತೀರಿ ಅಂತ ಕೆಳಗಿನಿಂದ ಬಾ ಕೇಳಿದರು.

"ನನ್ನ ಮಂಡಿ ಹೋಗಿದೆ. ಇಲ್ಲಿಂದ ಇಳಿಯಲಿಕ್ಕೆ ಆಗುದಿಲ್ಲ. ಇದನ್ನು ಯಾರಿಗೂ ಹೇಳಬಾರದು ಅಂತ ಹೇಳಿದ್ದಾರೆ" ಅಂತ ಅತ್ತೆ ಇಡೀ ಕಾಲೊನಿಗೆ ಕೇಳುವ ಹಾಗೆ ಹೇಳಿದರು. ಎದುರು ಕಟ್ಟಡದಲ್ಲಿ ಎರಡು ಕಿಟಕಿ ತೆರೆದುಕೊಂಡವು. ನಂತರ ಅತ್ತೆ, ನೀವು ಯಾಕೆ ಕೊಳ್ಳುತ್ತೀರಿ ಅಂತ ಕೇಳಿದರು.

"ನಮ್ಮ ಮನೆ ಪಕ್ಕದಲ್ಲೇ ಗಾಂಠಿಯಾ ಕರಿಯುವ ಅಂಗಡಿ. ನಾನು ದಿನಾ ಹೋಗಿ ತಿನ್ನುತ್ತೇನೆ. ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದರು. ಮೇಲೆ ಹತ್ತಿಸಿಬಿಟ್ಟರೆ ನಾನು ಇಳಿಯುವುದಿಲ್ಲ ಅಂತ ಮಗನ ಯೋಚನೆ. ಇದು ನನಗೆ ಗೊತ್ತಿಲ್ಲ ಅಂತ ಅವನು ತಿಳಿದಿದ್ದಾನೆ."

ಒಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹುಡುಗ ನೆಲದ ಟೈಲ್ಸ್ ನೋಡುತ್ತಿದ್ದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಹೊರಗೆ ಮಾತು ಮುಂದುವರಿದಿತ್ತು. ನಿಮ್ಮ ಮನೆಗೆ ಮೆಟ್ಟಿಲೆಷ್ಟು ಅಂತ ಅತ್ತೆ ಕೇಳಿದರು. ಒಂದೇ, ಅದೂ ಗಿಡ್ಡ, ಆದರೆ ಕೂತರೆ ಅಂಗಡಿಯ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ ಅಂದರು ಬಾ. ಅದಕ್ಕೆ ಅತ್ತೆ, ಇಲ್ಲಿಂದ ಎಲ್ಲರೂ ಕಾಣುತ್ತಾರೆ, ಯಾರ ಮನೆಗೆ ಯಾರು ಬಂದರು, ಯಾವ ಸೊಸೆ ಎಷ್ಟು ಹೊತ್ತಿಗೆ ಬಟ್ಟೆ ಒಣಗಿಸಿದಳು ಎಲ್ಲ ಗೊತ್ತಾಗುತ್ತದೆ, ನೀವು ಮಾತ್ರ ಯಾರಿಗೂ ಕಾಣುವುದಿಲ್ಲ ಅಂದರು. ಬಾ ಬೆಂಚಿನಿಂದ ಎದ್ದು ನಿಂತು ಬಾಲ್ಕನಿಯನ್ನು ಕಣ್ತುಂಬ ನೋಡಿದರು. ಬ್ರೋಕರ್ ಭಾಯಿ ಇಷ್ಟು ತಿಂಗಳಿಂದ ಮಾಡಲಾಗದ ಕೆಲಸವನ್ನು ಅತ್ತೆ ಒಂದು ಲೋಟ ಮಜ್ಜಿಗೆಯಲ್ಲಿ ಮುಗಿಸಿದ್ದರು.

ನಮ್ಮ ಮನೆ ಅವರಿಗೆ, ಅವರ ಮನೆ ನಮಗೆ ಅಂತ ಮಾತಾಗಿ ಅದೇ ವಾರ ಅವರ ಮನೆ ನೋಡಲು ಹೋದೆವು. ಹೋಟೆಲಿನ ಕೆಲಸದವರು ಅತ್ತೆಯನ್ನು ಕುರ್ಚಿ ಸಮೇತ ಕೆಳಗಿಳಿಸಿದರು. ಆ ಮನೆಯಲ್ಲಿ ಅತ್ತೆ ಕೋಣೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಬಾಗಿಲಿನಿಂದ ರಸ್ತೆಗೆ ಇಳಿದರು, ಒಳಗೆ ಬಂದರು, ಮತ್ತೆ ಇಳಿದರು. "ಆಗ್ತದೆ ಮಗಾ" ಅಂದರು ನಮ್ಮವರಿಗೆ. ಹಾಗೆಂದು ಇನ್ನೊಮ್ಮೆ ರಸ್ತೆಗೆ ಇಳಿದರು.

ಸಾಮಾನು ಕಟ್ಟುವಾಗ ಅತ್ತೆ ಗೋಡೆಯ ಮೊಳೆಯನ್ನೂ ಬಿಡಲಿಲ್ಲ. ಹಗ್ಗದ ಬುಟ್ಟಿಯೊಂದನ್ನು ಮಾತ್ರ ಬಾಲ್ಕನಿಯಲ್ಲೇ ಬಿಟ್ಟರು. ನಮಗೆ ಇನ್ನು ಅದರ ಕೆಲಸವೇನು, ಇರಲಿ ಬಿಡು ಅಂದರು. ಪಾಪ, ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ.

ಹೊಸ ಮನೆಗೆ ಬಂದ ಮೇಲೆ ಅತ್ತೆ ಕೋಲು ಹಿಡಿದು ದಿನಾ ನಡೆಯತೊಡಗಿದರು. ಮೊದಲು ಪಕ್ಕದ ಗಾಂಠಿಯಾ ಅಂಗಡಿಯವರೆಗೆ, ಆಮೇಲೆ ಗಲ್ಲಿಯ ತುದಿಯವರೆಗೆ. ಒಂದು ಭಾನುವಾರ ಬೆಳಿಗ್ಗೆ ಬರುವುದು ತಡವಾಯಿತೆಂದು ಹೆದರಿ ಹುಡುಕಿಕೊಂಡು ಹೋದೆ. ನಮ್ಮ ಹಳೆ ಕಟ್ಟಡದ ಕೆಳಗೆ ಅತ್ತೆ ನಿಂತಿದ್ದರು. ಕೈಯಲ್ಲಿ ಎಣ್ಣೆ ಜಿನುಗುವ ಬಿಸಿ ಪೊಟ್ಟಣ. ಮೇಲಿನಿಂದ ಬುಟ್ಟಿ ಇಳಿಯುತ್ತಿತ್ತು. ಜೀವಮಾನವೆಲ್ಲ ಕೂಗಿಯೇ ಮಾತಾಡಿದ ಇಬ್ಬರು ಮುದುಕಿಯರು ಒಂದು ಶಬ್ದವನ್ನೂ ಆಡಲಿಲ್ಲ. ಪೊಟ್ಟಣ ಮೇಲೆ ಹೋಯಿತು. ನನ್ನನ್ನು ಕಂಡು ಅತ್ತೆ, "ಕಡಿಮೆ ಮಾಡಿ ಅಂದದ್ದು ಡಾಕ್ಟರು, ಬಿಡಿ ಅಂತ ಅಲ್ಲ. ವಾರಕ್ಕೆ ಒಂದೇ" ಅಂದರು.

ಮರುವಾರ ಬಾ ಅವರ ಮಗ ಸಿಹಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ಮನೆ ಬಹಳ ಚೆನ್ನಾಗಿ ಆಗಿಬಂತು, ಮೇಲೆ ಹೋದಮೇಲೆ ಬಾ ಗಾಂಠಿಯಾದ ಹೆಸರನ್ನೇ ಎತ್ತಿಲ್ಲ, ಇದೆಲ್ಲ ಹೇಗಾಯಿತೋ ಗೊತ್ತಿಲ್ಲ ಅಂತ ಅತ್ತೆಯ ಕಾಲಿಗೆ ನಮಸ್ಕರಿಸಿದ. ನಾನು ಅತ್ತೆಯ ಮುಖ ನೋಡಿದೆ. ಅವರು ತಲೆ ತಗ್ಗಿಸಿ, ಮೊದಲ ಪಾರ್ಟಿ ಬಂದ ದಿನದ ಹಾಗೆಯೇ ಕೈ ಮಡಿಲಲ್ಲಿಟ್ಟು ಕೂತಿದ್ದರು. ಅವನು ಹೋದಮೇಲೆ, ಏನೂ ಹೇಳಲಿಲ್ಲವಲ್ಲ ಅತ್ತೆ ಅಂದೆ.

"ಎಂತ ಹೇಳುದು? ಕೊಟ್ಟವರು ಕೊಂಡವರ ಹತ್ತಿರ ಹೆಚ್ಚು ಮಾತಾಡಬಾರದು ಅಂತ ಬ್ರೋಕರ್ ಭಾಯಿ ಅಷ್ಟು ಸಲ ಹೇಳಿದ್ದಾರಲ್ಲ."