ಮೂಗು ಮುಚ್ಚಿದ ಕಂಪ್ಯೂಟರ್‌ಗಳು

ಕಂಪ್ಯೂಟರ್ ರಿಪೇರಿಯವನ ಪಾಡೇ ಹೀಗೆ. ಹಾಸನದಲ್ಲಿ ಕಾಫಿ ಲೋಟ ಎತ್ತಿದರೆ ಹೊಳೆನರಸೀಪುರದಿಂದ ಫೋನು, ಅಲ್ಲಿ ಬಸ್ಸಿಳಿದರೆ ಅರಕಲಗೂಡಿನಿಂದ. ಎರಡು ಸಾವಿರದ ಇಸವಿ ದಾಟಿ ಪುಟ್ಟ ಡೆಸ್ಕ್‌ಟಾಪ್‌ಗಳು ಬಂದ ಮೇಲಂತೂ ನಾನು ಕೂತಲ್ಲಿ ಕೂರಲಿಲ್ಲ. ಅವುಗಳ ಡಬ್ಬ ಗಾಳಿ ಎಳೆದುಕೊಳ್ಳುವುದು ಮುಂಭಾಗದ ಸಣ್ಣ ತೂತುಗಳಿಂದ; ಅವು ಮುಚ್ಚಿದರೆ ಒಳಗೆ ಬಿಸಿಯೇರಿ ಕಂಪ್ಯೂಟರ್ ನಿಂತುಬಿಡುತ್ತದೆ. ನಮ್ಮ ಜನಕ್ಕೋ, ಮುಂಭಾಗ ಕಂಡರೆ ಸಿಂಗಾರ ಮಾಡದೆ ಕೈ ಸುಮ್ಮನಿರದು.

ನವಿಲು

ಹೊಳೆನರಸೀಪುರದ ಟೀಚರಮ್ಮನ ಮನೆಯ ಕಂಪ್ಯೂಟರ್ ಪದೇ ಪದೇ ಆಫ್ ಆಗುತ್ತಿತ್ತು. ಓಡಿಹೋಗಿ ನೋಡಿದರೆ, ಡಬ್ಬದ ಮುಖದ ತುಂಬ ದಪ್ಪ ಬಟ್ಟೆ, ಅದರ ಮೇಲೆ ಮಣಿ ಪೋಣಿಸಿದ ನವಿಲು.

"ಇದನ್ನ ತೆಗೀಬೇಕಮ್ಮ, ಒಳಗೆ ಗಾಳಿ ಹೋಗ್ತಿಲ್ಲ."

"ರಜೆಯೆಲ್ಲಾ ಕೂತು ಮಾಡಿದ್ದೀನಿ ಕಣ್ರೀ!"

ಮುಖ ಸಣ್ಣ ಮಾಡಿಕೊಂಡು ಬಿಚ್ಚಿದರು. ವಾರ ಕಳೆದು ಮತ್ತೆ ಫೋನು: "ಕಂಪ್ಯೂಟರ್ ಚೆನ್ನಾಗಿದೆ. ಟೀವಿ ಹಿಂದೆ ಯಾಕೋ ಸುಟ್ಟ ವಾಸನೆ."

ನವಿಲು ಎಲ್ಲಿಗೆ ಹಾರಿತು ಅಂತ ನಾನು ಕೇಳಬೇಕಾಗಲಿಲ್ಲ.

ಕನ್ನಡಿ

ಚನ್ನರಾಯಪಟ್ಟಣದಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯವರು ಡಬ್ಬದ ಮುಂದೆ ಕನ್ನಡಿಯಂಥ ಹಾಳೆ ಅಂಟಿಸಿದ್ದರು. ಮದುವೆ ಸೀಜನ್ನು. ಹೆಣ್ಣಿನ ಹೆಸರು ಟೈಪ್ ಮಾಡುವಷ್ಟರಲ್ಲಿ ಕಂಪ್ಯೂಟರ್ ನಿಲ್ಲುತ್ತಿತ್ತು; ಗಂಡಿನ ಅಪ್ಪ ಒಳಗೂ ಹೊರಗೂ ಸುತ್ತುತ್ತಿದ್ದರು.

"ಬರೀ ಅಂದಕ್ಕೆ ಅಂಟಿಸಿರೋದು. ಅದಕ್ಕೂ ಬಿಸಿಗೂ ಏನ್ರೀ ಸಂಬಂಧ?" ಅಂದರು ಅಂಗಡಿಯವರು.

ಹಾಳೆ ಕಿತ್ತೆ. ಸಂಜೆವರೆಗೂ ಕಂಪ್ಯೂಟರ್ ನಿಲ್ಲಲಿಲ್ಲ. ಅವರ ಮುಖ ಮಾತ್ರ ಅರಳಲಿಲ್ಲ.

"ಮೊದಲು ಇದು ನಿಲ್ತಿತ್ತು, ಗಿರಾಕಿಗಳು ಆ ಹಾಳೇಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಂಡು ಕೂತಿರೋರು. ಈಗ ಇದೂ ಓಡ್ತದೆ, ಕಾಯೋಕೆ ಬೇಜಾರಾಗಿ ಅವರೂ ಓಡ್ತಾರೆ!"

ಆಯಸ್ಸು

ಅರಕಲಗೂಡಿನ ಜೋಯಿಸರು ಕಂಪ್ಯೂಟರಿನಲ್ಲಿ ಜಾತಕ ಹಾಕುತ್ತಿದ್ದರು. ಡಬ್ಬದ ಮುಂದೆ ನವಗ್ರಹ ಕೆತ್ತಿಸಿದ ಮರದ ಹಲಗೆ. ಒಂದು ದಿನ ಅವರದೇ ಫೋನು: "ಬೇಗ ಬಾರಯ್ಯಾ, ಇಲ್ಲೊಬ್ಬರು ಎದೆ ಹಿಡ್ಕೊಂಡು ಕೂತಿದ್ದಾರೆ!"

ಕೊಣನೂರು ಕಡೆಯ ಯಜಮಾನರು. ಜಾತಕವೆಲ್ಲ ಸರಾಗವಾಗಿ ಬಂದು, ಆಯಸ್ಸಿನ ಪುಟಕ್ಕೆ ಸರಿಯಾಗಿ ಕಂಪ್ಯೂಟರ್ ಸತ್ತಿತ್ತು. ಮತ್ತೆ ಹಾಕಿದರೂ ಅಲ್ಲಿಗೇ ನಿಂತಿತ್ತು. ನಾನು ಹೋದಾಗ ಅವರ ಕೈ ತಣ್ಣಗೆ, ಡಬ್ಬ ಕೆಂಡ.

"ಸಾ, ಅಂಗಾರೆ ನಂದು ಇಷ್ಟೇಯಾ?"

"ಇಲ್ಲ ಯಜಮಾನ್ರೇ, ಈ ಹಲಗೆ ಗಾಳಿ ತಡೀತಿದೆ," ಅಂದೆ. ಬಾಯಲ್ಲಿ ಧೈರ್ಯ ಹೇಳಿದರೂ, ಇನ್ನೊಮ್ಮೆ ನಿಂತರೆ ಇವರ ಗತಿಯೇನು ಅಂತ ನನಗೇ ಬೆವರು. ಹಲಗೆ ಬಿಚ್ಚಿದೆ, ಆರಲು ಬಿಟ್ಟೆ, ಮತ್ತೆ ಹಾಕಿದೆ. ಮೂವರೂ ಪ್ರಿಂಟರಿನ ಮೇಲೆ ಬಗ್ಗಿ ನಿಂತೆವು. ಪ್ರಿಂಟರ್ ಕಿರ್ರೋ ಅಂತ ಕೊನೆಯ ಪುಟವನ್ನೂ ಹೊರಗೆ ತಳ್ಳಿತು. ಜೋಯಿಸರು ಓದಿದರು: "ದೀರ್ಘಾಯುಷ್ಯ! ಎಂಬತ್ತು ದಾಟುತ್ತೆ!"

ಯಜಮಾನರ ಮುಖಕ್ಕೆ ರಕ್ತ ಬಂತು. ಕೈಮುಗಿದು ಹೊಸಿಲು ದಾಟಿದವರು, ಏನೋ ನೆನೆದು ಹಿಂದಕ್ಕೆ ಬಂದು ನನ್ನ ಕಿವಿಗೆ ಬಗ್ಗಿದರು:

"ಸಾ, ನಾಳೆ ನಮ್ ದಾಯಾದಿ ಬತ್ತಾನೆ ಜಾತ್ಕ ಬರ್ಸಕ್ಕೆ. ಅವ್ನು ಓಗೋಗಂಟ ಆ ಅಲ್ಗೆ ಅಲ್ಲೇ ಆಕ್ಬುಡಿ ಸಾ!"